ಧಾರೆ ಎರೆದ ಹಾರಾಟ

ನಿವೃತ್ತರಾಗುವ ಪೈಲಟ್‌ಗಳು ತಮ್ಮ ಹಾರಾಟದ ಅನುಭವವನ್ನು ಶಿಷ್ಯರ ತಲೆಗೆ ಧಾರೆ ಎರೆಯುವುದು ಈಗಿನ ವಾಡಿಕೆ. ಕೊಟ್ಟವರಲ್ಲಿ ಅದು ಉಳಿಯುವುದಿಲ್ಲ. ಏನು ಹೋಯಿತೆಂಬುದೂ ಅವರಿಗೆ ತಿಳಿಯುವುದಿಲ್ಲ. ಕ್ಯಾಪ್ಟನ್ ಪೂಣಚ್ಚ ನಿನ್ನೆ ಅರ್ಧ ಎರೆದಿದ್ದರು. ಇಂದು ಉಳಿದರ್ಧ ಸಿಕ್ಕರೆ ಶಿಷ್ಯೆ ಶಾಲ್ಮಲಾಳಿಗೆ ದೊಡ್ಡ ವಿಮಾನದ ಕೆಲಸ ಖಾತ್ರಿ.

ಇಳಿಯುವಾಗ ಅಡ್ಡಗಾಳಿಗೆ ಸಿಕ್ಕ ತರಬೇತಿ ವಿಮಾನ ಒಮ್ಮೆಗೇ ವಾಲಿತು. ಎಂದೂ ಕಲಿಯದ ಪಟ್ಟೊಂದನ್ನು ಶಾಲ್ಮಲಾಳ ಕೈಕಾಲುಗಳು ತಾವಾಗಿಯೇ ಹಾಕಿದವು. ಚಕ್ರಗಳು ಮೆಲ್ಲಗೆ ನೆಲ ಮುಟ್ಟಿದವು.

ಪಕ್ಕದಲ್ಲಿ ಪೂಣಚ್ಚ, ಮೊದಲ ಸಲ ವಿಮಾನ ಹತ್ತಿದವರಂತೆ, ಸೀಟಿನ ಅಂಚನ್ನು ಬಿಗಿಹಿಡಿದು ಕೂತಿದ್ದರು.

"ಹಿಂಗೂ ಇಳಿಸಬಹುದಾ? ಯಾರಮ್ಮ ನಿಂಗೆ ಇದನ್ನ ಕಲಿಸಿದ್ದು?"

ಶಾಲ್ಮಲಾ ವಿಮಾನವನ್ನು ಮತ್ತೆ ರನ್‌ವೇಯತ್ತ ತಿರುಗಿಸಿದಳು.

"ಉಳಿದಿದ್ದು ನಿಮ್ಮ ಹತ್ರಾನೇ ಇರ್ಲಿ ಸರ್. ದೊಡ್ಡ ವಿಮಾನ ಕಾಯ್ಲಿ. ಈಗ ಇಳಿಸಿದ್ದು ನೀವೇ. ಇನ್ನೊಂದು ಸುತ್ತು ಹೋಗೋಣ, ಈ ಸಲ ನಾನು ಇಳಿಸ್ತೀನಿ."