ಬೈರಮ್ಮನ ನಾಲ್ಕನೆಯ ಅರ್ಜಿ

"ಶಶಿಕುಮಾರ್? ಆ ಹೆಸರಿನವರು ಈ ಕಚೇರಿಯಲ್ಲಿ ಯಾರೂ ಇಲ್ಲ" ಎಂದು ಕೃಷ್ಣಗಿರಿ ಕಂದಾಯ ಕಚೇರಿಯ ಕಾವಲುಗಾರ ತಮಿಳಿನಲ್ಲಿ ಹೇಳಿದ. ರಾಮಕೃಷ್ಣಪ್ಪನ ಅನುಮಾನಕ್ಕೆ ಸರ್ಕಾರಿ ಮುದ್ರೆಯೇ ಬಿದ್ದಂತಾಯಿತು.

ಅದೇ ಶಶಿಕುಮಾರ್ ನಾಳೆ ರಾಮಕೃಷ್ಣಪ್ಪನ ಮಗಳು ಮಾಲಾಳನ್ನು ನೋಡಲು ತಮಿಳುನಾಡಿನ ಗಡಿಯೂರು ಕೆಲಮಂಗಲಕ್ಕೆ ಬರುವವನಿದ್ದ. ಸಂಬಂಧ ತಂದ ಗೋವಿಂದಮ್ಮ ಹೊಗಳಿದ್ದೇ ಹೊಗಳಿದ್ದು: "ಹುಡ್ಗ ಸಾರ್ವಜನಿಕ ಆಡಳಿತದಾಗೆ ಎಂ.ಎ. ಮಾಡವ್ನೆ ಕಣಣ್ಣೋ. ಕೃಷ್ಣಗಿರಿ ಆಪೀಸಿಂದ ಯಾವ ಉತ್ರ ಹೊಂಟ್ರೂ ಅವ್ನೇ ಬರೀಬೇಕಂತೆ!" ಹುಡುಗನ ಫೋಟೊ ನೋಡಿ ಮಾಲಾ ಆಗಲೇ ಸೀರೆ ಆರಿಸಿಟ್ಟಿದ್ದಳು.

ಹುಡುಗನನ್ನು ಕದ್ದು ನೋಡಿ ಬರಲೆಂದು ರಾಮಕೃಷ್ಣಪ್ಪ ಆ ಫೋಟೊವನ್ನು ಜೇಬಿಗಿಳಿಸಿ ಬಸ್ಸು ಹತ್ತಿದ್ದ. ನೆಪಕ್ಕೊಂದು ಕಡತವೂ ಬಗಲಲ್ಲಿತ್ತು. ಹೆಂಡತಿ ಬೈರಮ್ಮನ ಹೆಸರಿನ ಗುಲಾಬಿ ತೋಟದ ದಾರಿಗೆ ಪಕ್ಕದವನು ಬೇಲಿ ಹಾಕಿ ಮೂರು ವರ್ಷ. ಊರಲ್ಲೇ ಬರೆಸಿ ಅಂಚೆಗೆ ಹಾಕಿದ್ದು ಮೂರು ಅರ್ಜಿ. ಬಂದದ್ದು ಮೂರು ಉತ್ತರ. ಎಲ್ಲವೂ ತಮಿಳು, ಅವನಿಗೆ ಓದಲು ಬಾರದು. ಕೊನೆಯ ಸಾಲಿನ ಕೆಳಗೆ ಎರಡು ಗೀಟು, ನಡುವೆ ಒಂದು ಚುಕ್ಕೆ. ಅಷ್ಟೇ ಅವನಿಗೆ ಗುರುತು. ಓದಿಸಿದಾಗ ತಿಳಿಯುತ್ತಿದ್ದದ್ದು ಪ್ರತಿ ಸಲ ಹೊಸ ನೆಪ, ಕೊನೆಗೆ ಅದೇ ಮಾತು: ಪರಿಶೀಲನೆಯಲ್ಲಿದೆ.

ಗೇಟು ದಾಟಿ ಹೊರಬಂದವನು ಗಕ್ಕನೆ ನಿಂತ. ಹೊಂಗೆ ಮರದ ಕೆಳಗೆ, ಪ್ಲಾಸ್ಟಿಕ್ ಮೇಜಿನ ಹಿಂದೆ, ಫೋಟೊದ ಮುಖವೇ ಕೂತಿತ್ತು. ಪಕ್ಕದಲ್ಲಿ ಮೂರು ಭಾಷೆಯ ಹಲಗೆ: 'ಅರ್ಜಿ ಬರೆದುಕೊಡಲಾಗುವುದು.' ಆಡಳಿತಾಧಿಕಾರಿಗಳಿಗೆ ಒಂದು ಫ್ಯಾನೂ ಇರಲಿಲ್ಲ.

"ಏನ್ ಓದಿದ್ದೀಯಪ್ಪಾ?" ರಾಮಕೃಷ್ಣಪ್ಪ ಸ್ಟೂಲೆಳೆದುಕೊಂಡು ಕೆಣಕಿದ.

"ಎಂ.ಎ. ಯಜಮಾನ್ರೇ. ಸಾರ್ವಜನಿಕ ಆಡಳಿತ."

"ಅಂತಾದ್ದು ಓದ್ಬುಟ್ಟು ಮರದ್ ಕೆಳಗೆ ಕುಂತಿದ್ದೀಯಾ?"

"ಒಳಗೆ ಜಾಗ ಸಾಲ್ದು. ಆಡಳಿತ ಹೊರಗೂ ನಡೀತದೆ."

"ಸರ್ಕಾರಿ ಪರೀಕ್ಷೆ ಬರೀಲಿಲ್ವಾ?"

"ಬರ್ದೆ. ತಮಿಳು ಪೇಪರ್‌ನಾಗೆ ಎರಡು ಮಾರ್ಕು ಕಮ್ಮಿ ಬಂತು. ನಿಮ್ ಅರ್ಜಿ ತಮಿಳಲ್ಲೇ ತಾನೆ?"

"ನಿನ್ ಜತೆ ಓದ್ದೋರು?"

"ಒಬ್ಬ ಹೊಸೂರಾಗೆ ಬಿರಿಯಾನಿ ಅಂಗ್ಡಿ ಮಡಗವ್ನೆ. ಇಬ್ರು ಫ್ಯಾಕ್ಟ್ರಿ ಗೇಟಲ್ಲಿ ಸೆಕ್ಯೂರಿಟಿ. ಮನೇಲಿ ಭದ್ರತಾ ಇಲಾಖೆ ಅಂತಾರೆ. ಉಳ್ದೋರು ಇನ್ನೂ ಪರೀಕ್ಷೆಗೆ ಓದ್ತಾವ್ರೆ. ಅವ್ರ ಮಕ್ಳೂ ಓದಕ್ಕೆ ಶುರು ಹಚ್ಕೊಂಡವ್ರೆ."

ರಾಮಕೃಷ್ಣಪ್ಪ ಒಳಗೊಳಗೇ ನಕ್ಕ. ಈ ಸುಳ್ಳನ ಕೈಯಲ್ಲೇ ಅರ್ಜಿ ಬರೆಸಿ ಒಳಗೆ ಕೊಡುವುದು. ಹೋಗುವಾಗ ಫೋಟೊವನ್ನು ಮುಖಕ್ಕೆಸೆದು ಸಂಬಂಧ ಮುರಿಯುವುದು. ಮಗಳು ಒಂದು ವಾರ ಅಳುತ್ತಾಳೆ, ಅಳಲಿ.

ಬೈರಮ್ಮನ ತೋಟ, ಬೇಲಿ, ಎನ್ನುತ್ತಿದ್ದಂತೆ ಶಶಿಕುಮಾರ್ ಕಡತ ಬಿಚ್ಚದೆಯೇ ಕೇಳಿದ: "ಹೋದ್ ಸಲ ಸರ್ವೇಯರ್ ರಜೆ ಅಂತ ಬಂದಿತ್ತಲ್ವಾ?"

"ಹೂಂ ಕಣಪ್ಪಾ. ನಿಂಗೆಂಗೆ ಗೊತ್ತು?"

"ಅನುಭವ, ಯಜಮಾನ್ರೇ."

ಬೈರಮ್ಮ ಮೊದಲೇ ಹೆಬ್ಬೆಟ್ಟೊತ್ತಿ ಕೊಟ್ಟಿದ್ದ ಖಾಲಿ ಹಾಳೆಯ ಮೇಲೆ ಹತ್ತು ನಿಮಿಷದಲ್ಲಿ ಅರ್ಜಿ ಸಿದ್ಧವಾಯಿತು. ಅವನು ಕನ್ನಡದಲ್ಲಿ ಅರ್ಥ ಹೇಳಿದಾಗ ರಾಮಕೃಷ್ಣಪ್ಪನಿಗೆ ತನ್ನ ಮೇಲೆ ತನಗೇ ಕನಿಕರ ಹುಟ್ಟಿತು. ಸಾಲಿನಲ್ಲಿ ನಿಂತು ನಿಂತು ಕಾಲು ಮರಗಟ್ಟಿತು. ಒಳಗಿನ ಗುಮಾಸ್ತ ಅರ್ಜಿಯತ್ತ ಕಣ್ಣೂ ಹಾಯಿಸದೆ ಮುದ್ರೆಯೊತ್ತಿ, ಕಾಲ ಬಳಿಯಿದ್ದ ನೀಲಿ ಚೀಲಕ್ಕೆ ತುರುಕಿದ.

ಟೀ ಕುಡಿದು, ಬೈಯಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡು, ಸಂಜೆ ಫೋಟೊ ಹಿಡಿದು ಮರದತ್ತ ನಡೆದ. ಅಷ್ಟರಲ್ಲಿ ಅದೇ ಗುಮಾಸ್ತ ಮುಂದಾಗಿ ಬಂದು, ನೀಲಿ ಚೀಲವನ್ನು ಮೇಜಿನ ಮೇಲಿಟ್ಟು, ಸ್ಕೂಟರ್ ಹತ್ತಿ ಹೊರಟುಹೋದ.

ಶಶಿಕುಮಾರ್ ಚೀಲದಿಂದ ಅರ್ಜಿಗಳ ಕಟ್ಟು ತೆಗೆದ. ಮೇಲೆಯೇ ಬೈರಮ್ಮನ ಹೆಬ್ಬೆಟ್ಟು. ಕಚೇರಿಯ ಮುದ್ರೆಯಿದ್ದ ಹಾಳೆಯೊಂದನ್ನು ಎಳೆದುಕೊಂಡು, ತಾನೇ ಬರೆದ ಅರ್ಜಿಗೆ ಎಲ್ಲೂ ತಡವರಿಸದೆ ಉತ್ತರ ಬರೆದ. ಕೊನೆಯ ಸಾಲಿನ ಕೆಳಗೆ ಎರಡು ಗೀಟು ಎಳೆದ. ನಡುವೆ ಒಂದು ಚುಕ್ಕೆ ಇಟ್ಟ.

ಗೋವಿಂದಮ್ಮ ಒಂದಕ್ಷರವೂ ಸುಳ್ಳು ಹೇಳಿರಲಿಲ್ಲ.

ಎಸೆಯಬೇಕೆಂದಿದ್ದ ಫೋಟೊವನ್ನು ರಾಮಕೃಷ್ಣಪ್ಪ ಮೆಲ್ಲಗೆ ಮೇಜಿನ ಮೇಲಿಟ್ಟ. "ನಾಳೆ ನಮ್ಮನೇಗೆ ಬತ್ತೀಯಲ್ಲಪ್ಪಾ? ನಾನು ಮಾಲಾನ ಅಪ್ಪ."

ಶಶಿಕುಮಾರ್ ಫೋಟೊ ನೋಡಿದ. ಬರೆದ ಹಾಳೆ ನೋಡಿದ. ಅದನ್ನು ನಾಲ್ಕಾಗಿ ಹರಿದು, ಹೊಸ ಹಾಳೆ ತೆಗೆದು, ವಿನಯದಿಂದ ಎದ್ದು ನಿಂತ.

"ದಾರಿ ಎಷ್ಟಡಿ ಅಗ್ಲ ಇರ್ಲಿ, ಮಾವಾ?"