ನಿನ್ನ ನೀರು

ಊರಿನ ಕೊಳಚೆ ನೀರು ಶುದ್ಧೀಕರಿಸುವ ಘಟಕದ ಗೇಟಿಗೆ ಟೇಲರ್ ನಾಮದೇವಪ್ಪ ಬಂದು ನಿಂತಿದ್ದ. ಕೈಯಲ್ಲಿ ಹೆಂಡತಿಯ ಅಸ್ಥಿಯಿದ್ದ ಮಡಕೆ.

“ತಮ್ಮಾ, ನಿನ್ನ ಹೊಲಸು ನೀರು ಹೊಳಿಗೆ ಬಿಡೂದು ಒಂದ್ ತಾಸು ಬಂದ್ ಮಾಡಪಾ. ಈ ಘಟಕ ಆದಾಗಿಂದ ಆಕಿ ಹೊಳ್ಯಾಗ ಕಾಲಿಟ್ಟಾಕಿ ಅಲ್ಲ. ಇದರಾಗ ಹೆಂಗ ಬಿಡ್ಲಿ ಆಕಿನ್ನ?”

ಆಪರೇಟರ್ ದಸ್ತಗೀರ ಮಡಕೆಯನ್ನು ನೋಡಿದ. “ಕಾಕಾ, ಶುದ್ಧ ಮಾಡೇ ಬಿಡ್ತೀವ್ರಿ. ಬಂದ್ ಮಾಡೂದು ಬ್ಯಾಡ್ರಿ.”

“ನಿನ್ನ ಕಾಲಿಗೆ ಬೀಳ್ತೀನಿ.”

ಮುದುಕ ಬಾಗುವುದರೊಳಗೆ ದಸ್ತಗೀರ ಅವನ ತೋಳು ಹಿಡಿದುಕೊಂಡ. ಒಳಗೆ ಹೋಗಿ ಪಂಪು ನಿಲ್ಲಿಸಿದ.

ವರ್ಷಗಟ್ಟಲೆ ಇತ್ತ ಬಾರದಿದ್ದ ನಾಮದೇವಪ್ಪ ಹೊಳೆಗಿಳಿದ. ಈ ನೊರೆನೀರು ಹರಿದುಹೋಗಲಿ, ಮೇಲಿನಿಂದ ತಿಳಿನೀರು ಬರಲಿ ಎಂದು ಕಾಯುತ್ತ ನಿಂತ. ಮೊಣಕಾಲಿನವರೆಗೆ ಇದ್ದ ನೀರು ಪಾದಕ್ಕಿಳಿಯಿತು. ನೊರೆಯೂ ಹೋಯಿತು. ಆಮೇಲೆ ಪಾದದಡಿ ಹಸಿ ಮರಳಷ್ಟೇ ಉಳಿಯಿತು. ಮೇಲಿನಿಂದ ಏನೂ ಬರಲಿಲ್ಲ.

ಅವನು ಮೇಲ್ಗಡೆ ಒಣಗಿದ ಹೊಳೆಯಲ್ಲಿ ಬೆಳೆದಿದ್ದ ಜೇಕುಹುಲ್ಲಿನ ಪೊದೆಗಳತ್ತ ನೋಡುತ್ತಲೇ ಇದ್ದ. ದಸ್ತಗೀರ ದಂಡೆಯ ಮೇಲೆ ತಲೆ ತಗ್ಗಿಸಿ ನಿಂತಿದ್ದ.

ಕೊನೆಗೆ ನಾಮದೇವಪ್ಪ ಮಡಕೆಯನ್ನು ಎದೆಗವಚಿಕೊಂಡು ಮೆಲ್ಲಗೆ ಅಂದ: “ಬಿಡಪಾ ತಮ್ಮಾ, ನಿನ್ನ ನೀರೇ ಬಿಡು.”