ಮಸಿ ಇಲ್ಲದ ಪದರು

ಒಲೆಯ ಮೇಲಿನ ಗೋಡೆಯನ್ನು ಕುರಪಿಯಿಂದ ಕೆರೆಯುತ್ತಿದ್ದ ಬೂದೆಪ್ಪನ ಅಂಗೈಗೆ ಹಳೆಯ ಸುಣ್ಣದ ಹಕ್ಕಳೆಯೊಂದು ಕಳಚಿ ಬಿತ್ತು. ಹಡಗಿನಲ್ಲಿ ಅಡಿಗೆ ಮಾಡುವವನು, ರಜೆ ಮುಗಿದಿತ್ತು. ಮಧ್ಯಾಹ್ನದ ಬಸ್ಸಿಗೆ ದೇವದುರ್ಗ ಬಿಟ್ಟರೆ ರಾಯಚೂರಿನಲ್ಲಿ ಬೊಂಬಾಯಿ ರೈಲು. ಹೋಗುವ ಮುಂಚೆ ಹೆಂಡತಿ ಯಂಕಮ್ಮನಿಗೊಂದು ಕೈಯಾಸರೆ ಎಂದು ಸುಣ್ಣ ಹಚ್ಚಲು ನಿಂತಿದ್ದ.

"ನೀ ಹ್ಞೂಂ ಅಂದ್ರ ಹೋಗ್ತೀನಿ. ಬ್ಯಾಡಂದ್ರ ಇಲ್ಲೇ ಬಸ್ ಸ್ಟ್ಯಾಂಡಿನ್ಯಾಗ ಖಾನಾವಳಿ ಹಾಕ್ತೀನಿ" ಎಂದು ನಿನ್ನೆಯಿಂದ ಕೇಳುತ್ತಲೇ ಇದ್ದ. ಯಂಕಮ್ಮ ಉತ್ತರ ಕೊಟ್ಟಿರಲಿಲ್ಲ. ಏನಂದರೂ ಮುಂದೆ ಅದು ತನ್ನ ತಲೆಗೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಯೋಚಿಸಿ ಯೋಚಿಸಿ ಸಾಕಾಗಿ, ಬಕೆಟ್ಟಿನ ಸುಣ್ಣ ಕಲಕುತ್ತಿದ್ದಳು.

"ಬಾ ಇಲ್ಲಿ, ಇದರ ಅಂಚು ನೋಡು. ನಮ್ಮ ಹಡಗಿನ ಸಾಹೇಬರು ಮಾಡೋದು ಇದೇ ಕೆಲಸ."

"ಸುಣ್ಣ ಹಚ್ತಾರೇನ್ರಿ?"

"ಆಫ್ರಿಕಾ ದಂಡಿ ಹತ್ರ ಸಮುದ್ರದ ತಳಕ್ಕ ಉದ್ದನ್ನ ಕೊಳವಿ ಇಳಿಸಿ ರಾಡಿ ಎತ್ತತಾರ. ಸೀಳಿದ್ರ ಒಳಗ ಹಿಂಗ ಪದರು ಪದರು. ಮಳಿ ಚಲೋ ಆದ ಕಾಲಕ್ಕ ಹೊಳಿ ತಂದು ಹಾಕಿದ ಮಣ್ಣು, ಮಳಿ ಹೋದ ಕಾಲಕ್ಕ ಬರೇ ಗಾಳಿ ತಂದ ಧೂಳು. ಅದನ್ನ ನೋಡೇ ಸಾವಿರಾರು ವರ್ಷದ ಹಿಂದ ಆ ಸೀಮಿಗೆ ಮಳಿ ಬಂದಿತ್ತೋ ಇಲ್ಲೋ ಹೇಳ್ತಾರ."

"ಆಗಿ ಹೋದ ಮಳಿ ತಗೊಂಡು ಏನ್ ಬಿತ್ತತಾರ?"

ಬೂದೆಪ್ಪ ನಕ್ಕು ಹಕ್ಕಳೆಯನ್ನು ಬಾಗಿಲ ಬೆಳಕಿಗೆ ಹಿಡಿದ. ದಸರೆಗೊಮ್ಮೆ ಹಚ್ಚಿದ ಸುಣ್ಣ, ನಡುನಡುವೆ ವರ್ಷವಿಡೀ ಕೂತ ಹೊಗೆಯ ಮಸಿ. ಬಿಳಿ ಗೆರೆ, ಕರಿ ಗೆರೆ. ಉಗುರಿನಿಂದ ತೋರಿಸುತ್ತ ಹೋದ.

"ಈ ದಪ್ಪನ್ನ ಮಸಿ ನಮ್ಮ ಲಗ್ನದ ವರ್ಷದ್ದು. ನಿಮ್ಮ ತವರಿನವರು ಬಂದು ಉಂಡಿದ್ದೇ ಉಂಡಿದ್ದು. ಇಲ್ಲಿ ನೋಡು, ಬಿಳಿ ಮ್ಯಾಲೆ ಬಿಳಿ. ಮಸೀನೇ ಇಲ್ಲ. ಆ ವರ್ಷ ಗೋಡಿ ಭಾಳ ತಿಕ್ಕಿ ತೊಳದೀದಿ. ಶಾಣ್ಯಾಕಿ."

ಯಂಕಮ್ಮ ಹತ್ತಿರ ಬಂದು ನೋಡಿದಳು.

"ತಿಕ್ಕಿಲ್ರಿ. ನಿಮ್ಮವ್ವ ತೀರಿಕೊಂಡ ಮ್ಯಾಲಿಂದು ಅದು. ಒಬ್ಬಾಕಿ ಹೊಟ್ಟಿಗೆ ಒಲಿ ಯಾಕಂತ ಹಚ್ಚಲೇ ಇಲ್ಲ. ಬಾಜೂಮನಿ ಕರೆಮ್ಮಕ್ಕನ ಹಂಚಿನ ಮ್ಯಾಲೆ ಎರಡು ರೊಟ್ಟಿ ಸುಟ್ಗೊಂಡು ಬರ್ತಿದ್ದೆ."

"ವರ್ಷ ಪೂರಾ?"

"ಹ್ಞೂಂ."

"ಮತ್ತ ಸುಣ್ಣ ಯಾಕ ಹಚ್ಚಿದಿ?"

"ಹಾಳ ಮನಿ ಅನ್ನಬಾರದಲ್ರಿ ಮಂದಿ."

ಹಕ್ಕಳೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೂದೆಪ್ಪ ಹಿಡಿದುಕೊಂಡೇ ನಿಂತ. ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಕೇಳಿಸಿತು. ಟ್ರಂಕು ಬಾಗಿಲಲ್ಲೇ ಇತ್ತು.

ಯಂಕಮ್ಮ ಪುಂಡಿ ನಾರಿನ ಕುಂಚವನ್ನು ಸುಣ್ಣದಲ್ಲಿ ಅದ್ದಿದಳು. ಅವನ ಕೈಗೆ ಕೊಡದೆ, ಅವನು ಕೆರೆದ ಜಾಗಕ್ಕೆ ತಾನೇ ಒಂದು ಸಲ ಎಳೆದಳು.

"ನನ್ನ ಹ್ಞೂಂ ಅತ್ಲಾಗಿರಲಿ. ನೀವು ಹೇಳ್ರಿ, ಸಂಜೀಕ ಒಲಿ ಹಚ್ಚಲೇನು?"